ಕೋಟೆಗೆ ಗಂಡಿ ಬಿದ್ದ ಫಾಲ್ಗುಣ

ಹದಿನೆಂಟನೆಯ ಶತಮಾನದ ಬೆಂಗಳೂರು ಒಂದರ ಬೆನ್ನಿಗೊಂದು ಇದ್ದ ಎರಡು ಊರು. ಉತ್ತರಕ್ಕೆ ಪೇಟೆ. 1537ರಲ್ಲಿ ಹಿರಿಯ ಕೆಂಪೇಗೌಡರು ಮಣ್ಣಿನ ಗೋಡೆ ಎತ್ತಿಸಿ, ನೇಕಾರರಿಗೆ, ಗಾಣಿಗರಿಗೆ, ಕುಂಬಾರರಿಗೆ, ತಿಗಳರಿಗೆ ಬೀದಿ ಬಿಡಿಸಿ ಕೂರಿಸಿದ ಊರು ಅದು. ಸುತ್ತಲೂ ಅಗಳು, ಅಗಳಿಗೆ ಸೇರಿದಂತೆ ದಟ್ಟವಾಗಿ ಬೆಳೆಸಿದ ಮುಳ್ಳುಬೇಲಿ, ಬೇಲಿಯನ್ನು ಸೀಳಿಕೊಂಡು ಹಲಸೂರು, ಯಲಹಂಕ, ಆನೇಕಲ್ಲು, ಸೊಂಡೆಕೊಪ್ಪದ ದಾರಿಗಳಿಗೆ ತೆರೆದ ಹೆಬ್ಬಾಗಿಲುಗಳು. ದಕ್ಷಿಣಕ್ಕೆ ಕೋಟೆ. ಮೊಟ್ಟೆಯಾಕಾರದ ಆ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಲು ತೊಡಗಿದ. ಅದರ ಉತ್ತರದ ಬಾಗಿಲು ದೆಹಲಿ ಬಾಗಿಲು, ದಕ್ಷಿಣದ್ದು ಮೈಸೂರು ಬಾಗಿಲು. ಪೇಟೆಯಲ್ಲಿ ದುಡಿಮೆ, ಕೋಟೆಯಲ್ಲಿ ದೊರೆತನ. ನಡುವೆ ಬಯಲು, ಸಿದ್ದಿಕಟ್ಟೆಯ ನೀರು.

ಈ ಎರಡೂ ಊರು ಮೈಸೂರಿನ ಟಿಪ್ಪು ಸುಲ್ತಾನನ ಕೈಬಿಟ್ಟುಹೋಗಲು ಹಿಡಿದದ್ದು ಒಂದು ಶುಕ್ಲಪಕ್ಷ. ಶಾಲಿವಾಹನ ಶಕ 1712, ಸಾಧಾರಣ ಸಂವತ್ಸರ. ಇಂಗ್ಲಿಷರ ಲೆಕ್ಕದಲ್ಲಿ 1791ರ ಮಾರ್ಚ್. ಅಮಾವಾಸ್ಯೆಯ ಸುಮಾರಿಗೆ ಊರ ಮುಂದೆ ಬಂದು ಬೀಡುಬಿಟ್ಟ ಇಂಗ್ಲಿಷರ ಸೇನೆ, ಫಾಲ್ಗುಣದ ಹುಣ್ಣಿಮೆ ಆಗಷ್ಟೇ ಕಳೆದ ರಾತ್ರಿ ಕೋಟೆಯೊಳಗಿತ್ತು.

ಲಗ್ಗೆರೆಯ ನಾವು ಕೆಲವರು ಈ ಹದಿನೈದು ದಿನಗಳ ನೆಲವನ್ನು ಕಾಲಿನಿಂದ ಅಳೆಯಬೇಕೆಂದು ಹೊರಟಿದ್ದೆವು. ನಮ್ಮ ಕಡೆ ಈಗ ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸು, ರಿಂಗ್ ರೋಡಿನ ಮೇಲ್ಸೇತುವೆ, ಒಂದರ ಮೇಲೊಂದು ಎದ್ದ ಬಾಡಿಗೆ ಮನೆಗಳು. ಕೋಟೆ ಬಿದ್ದ ವರ್ಷದಲ್ಲಿ ಇದು ಪೇಟೆಯ ಬೇಲಿಯಿಂದ ಎರಡು ಹರದಾರಿಯಷ್ಟು ಹೊರಗೆ, ವಾಯವ್ಯಕ್ಕೆ ಇದ್ದ ಹಳ್ಳಿಗಾಡು. ಇಂಥ ಹಳ್ಳಿಗಳ ರಾಗಿ, ಹುಲ್ಲು, ಎತ್ತುಗಳ ಮೇಲೆಯೇ ಎರಡೂ ಕಡೆಯ ಸೇನೆಗಳು ಬದುಕಿದ್ದವು. ಆದ್ದರಿಂದ ಆ ಯುದ್ಧ ನಮಗೂ ಸೇರಿದ್ದೆಂದು ನಾನು ತಿಳಿದಿದ್ದೇನೆ. ನಮ್ಮನ್ನು ಕರೆದೊಯ್ದವರು ಇತಿಹಾಸ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಷ್ಟ್ರು. ದೊಡ್ಡ ಗುಂಪನ್ನು ಅವರು ಒಪ್ಪುವುದಿಲ್ಲ; ಒಂದು ಮನೆಯವರೋ ಒಂದು ಬೀದಿಯವರೋ ಸೇರಿ ಕೇಳಿಕೊಂಡರೆ ಭಾನುವಾರ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ನಡೆಸಿಕೊಂಡು ಹೋಗುತ್ತಾರೆ. ನಮ್ಮ ಜೊತೆ ಪೀಣ್ಯದಲ್ಲಿ ಆಯುಷ್ಯವೆಲ್ಲ ಲೇತ್ ಮುಂದೆ ನಿಂತು ದುಡಿದ ಒಬ್ಬ ಹಿರಿಯರಿದ್ದರು. ಕಬ್ಬಿಣದ ವಿಷಯ ಬಂದಾಗ ಮೇಷ್ಟ್ರು ಮಾತು ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು.

ಯುದ್ಧಕ್ಕೆ ನೆಪವಾದದ್ದು ದೂರದ ತಿರುವಾಂಕೂರು. 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನ ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋದ; ತಿರುವಾಂಕೂರು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಮಿತ್ರರಾಜ್ಯ. ಪೂನಾದ ಪೇಶ್ವೆ, ಹೈದರಾಬಾದಿನ ನಿಜಾಮ ಇಬ್ಬರೂ ಇಂಗ್ಲಿಷರ ಕೈ ಹಿಡಿದರು. ಮೊದಲ ವರ್ಷ ಮದರಾಸಿನ ಗವರ್ನರ್ ಮೆಡೋಸ್ ಸೇನೆ ನಡೆಸಿ ಏನೂ ಸಾಧಿಸಲಿಲ್ಲ. ಆಗ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಕಲ್ಕತ್ತೆಯಿಂದ ಇಳಿದು ಬಂದ. ಅಮೆರಿಕದ ಯಾರ್ಕ್‌ಟೌನಿನಲ್ಲಿ ಹತ್ತು ವರ್ಷ ಹಿಂದೆ ಸೇನೆಯೊಡನೆ ಶರಣಾಗಿ ಸೋತವನು ಅವನು. ಇನ್ನೊಂದು ಸೋಲನ್ನು ಹೊರುವ ಮನಸ್ಸು ಅವನಿಗಿರಲಿಲ್ಲ.

1791ರ ಫೆಬ್ರವರಿಯಲ್ಲಿ ವೇಲೂರಿನಿಂದ ಹೊರಟ ಸೇನೆ ತೆಂಕಣ ಕಣಿವೆಗಳ ಕಡೆ ಮುಖ ಮಾಡಿದಂತೆ ತೋರಿಸಿ, ಥಟ್ಟನೆ ಬಡಗಲಿಗೆ ತಿರುಗಿ ಮೊಗಲಿ ಘಟ್ಟ ಹತ್ತಿಬಿಟ್ಟಿತು. ಪುದುಚೇರಿಯ ಬಳಿ ಫ್ರೆಂಚರ ನೆರವಿಗೆ ಮಾತುಕತೆ ನಡೆಸಿದ್ದ ಟಿಪ್ಪು ಅವಸರವಾಗಿ ಹಿಂದಿರುಗಿ ಬಂದರೂ ಘಟ್ಟದ ಬಾಯಲ್ಲಿ ತಡೆಯಲಾಗಲಿಲ್ಲ. ಕೋಲಾರ ಬಿತ್ತು, ಹೊಸಕೋಟೆ ಬಿತ್ತು. ಮಾರ್ಚ್ 5ರಂದು ಕೆಂಪು ಕೋಟು ಪೇಟೆಯ ಈಶಾನ್ಯದಲ್ಲಿ ಕಾಣಿಸಿತು. ಮರುದಿನ ಸಂಜೆ ಕರ್ನಲ್ ಫ್ಲಾಯ್ಡ್ ತನ್ನ ಕುದುರೆ ದಂಡಿನೊಡನೆ ಟಿಪ್ಪುವಿನ ಹಿಂಬದಿಯ ಸಾಮಾನು ಸರಂಜಾಮಿನ ಮೇಲೆ ನುಗ್ಗಿ, ಆಸೆಗೆ ಬಿದ್ದು ಮುಂದಕ್ಕೆ ಹೋಗಿ, ಕೆನ್ನೆಗೆ ಗುಂಡು ತಿಂದು ಹಿಂದಿರುಗಿದ.

ಮೇಷ್ಟ್ರು ನಮ್ಮನ್ನು ಮೊದಲು ನಿಲ್ಲಿಸಿದ್ದು ಹಲಸೂರು ಗೇಟ್ ಪೊಲೀಸ್ ಠಾಣೆಯ ಎದುರು. ಗೇಟು ಹೋಗಿ ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ಠಾಣೆಯ ಹಲಗೆಯ ಮೇಲೆ ಕುಳಿತಿದೆ. ಕಾರ್ಪೊರೇಷನ್ ಕಡೆಯಿಂದ ಬಸ್ಸುಗಳು ಇಳಿದು ಬರುತ್ತಿದ್ದವು. ಅವರು ಕೈ ಚಾಚಿ ಮೂಡಣ ದಿಕ್ಕು ತೋರಿಸಿದರು.

“ಅವರು ಬಂದಿದ್ದು ಆ ಕಡೆಯಿಂದ. ಇಲ್ಲಿ ಅಗಳಿತ್ತು, ಈಗ ನೀವು ನಿಂತಿದೀರಲ್ಲ, ಹೆಚ್ಚುಕಮ್ಮಿ ಅಲ್ಲೇ ಬೇಲಿ. ಬಾಗಿಲು ಒಂದಲ್ಲ, ಒಂದರ ಹಿಂದೊಂದು.”

ಮಾರ್ಚ್ 7, ಸೋಮವಾರ. ಬೆಳಗಿನಲ್ಲಿ ಇಂಗ್ಲಿಷರ 36ನೆಯ ರೆಜಿಮೆಂಟು, ಅದರ ಬೆನ್ನಿಗೆ ಸಿಪಾಯಿಗಳು ಈ ಬಾಗಿಲಿಗೆ ಬಂದರು. ಹೊರಬಾಗಿಲು ಬೇಗ ಸಿಕ್ಕಿತು. ಒಳಬಾಗಿಲ ಹಿಂದೆ ಕಲ್ಲು ಒಟ್ಟಿದ್ದರು. ಬೇಲಿಯ ಮರೆಯಿಂದ, ಗೋಡೆಯ ಮೇಲಿಂದ ಕೋವಿಗುಂಡು, ಬಾಣಬಿರುಸು ಒಂದೇ ಸಮನೆ ಸುರಿಯುತ್ತಿದ್ದವು. ಹಗುರ ಫಿರಂಗಿಯಿಂದ ಬಾಗಿಲು ಒಡೆಯುವುದಾಗಲಿಲ್ಲ, ಭಾರಿ ಫಿರಂಗಿ ತರಬೇಕಾಯಿತು. ಅದನ್ನು ನಡೆಸಲು ಮುಂದೆ ಬಂದವನು ಮದರಾಸು ತೋಪಖಾನೆಯ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್. ಸಾಮಾನ್ಯ ಸೈನಿಕನಾಗಿ ಸೇರಿ ಮೇಲೆ ಬಂದವನು. ತನ್ನವರೆಲ್ಲ ಮೆಚ್ಚಿದ ಅಧಿಕಾರಿ. ಗಾಯದ ಮೇಲೆ ಗಾಯವಾದರೂ ಜಾಗ ಬಿಡದೆ ನಿಂತು, ಈ ಬಾಗಿಲಲ್ಲೇ ಸತ್ತ. ಕಡೆಗೆ ಬಾಗಿಲಿನಲ್ಲಿ ಒಬ್ಬ ಆಳು ನುಸುಳುವಷ್ಟು ಸಂದಾಯಿತು. ಏರ್ ಎಂಬ ಕುಳ್ಳಗಿನ ಲೆಫ್ಟಿನೆಂಟ್ ಅದರೊಳಗೆ ತೂರಿಕೊಂಡ. ಜನರಲ್ ಮೆಡೋಸ್ ಪಕ್ಕದಲ್ಲಿದ್ದ ಮೀಸೆಯ ಗ್ರೆನೇಡಿಯರುಗಳನ್ನು ನೋಡಿ, ಆ ಪುಟ್ಟ ಮನುಷ್ಯನ ಹಿಂದೆ ಹೋಗಬಲ್ಲಿರಾ ನೋಡಿ ಎಂದು ಕೂಗಿದನಂತೆ. ಹೋದರು. ಪೇಟೆ ಹೋಯಿತು.

ಮದರಾಸಿನಿಂದ, ಬಂಗಾಳದಿಂದ ಬಂದ ಸಿಪಾಯಿಗಳೇ ಆ ಸೇನೆಯಲ್ಲಿ ಹೆಚ್ಚು. ಬಾಗಿಲ ಈಚೆಗೂ ಆಚೆಗೂ ಸತ್ತವರಲ್ಲಿ ಬಹುಪಾಲು ಈ ದೇಶದ ಮಕ್ಕಳು. ಮೂರ್‌ಹೌಸ್‌ನ ಸಾವಿನ ಚಿತ್ರವನ್ನು ಸೇನೆಯ ಜೊತೆಗೇ ಬಂದಿದ್ದ ಕಲಾವಿದ ರಾಬರ್ಟ್ ಹೋಮ್ ಬರೆದ. ಅದು ಲಂಡನ್ನಿನವರೆಗೆ ಹೋಯಿತು. ಅದೇ ಬಾಗಿಲನ್ನು ಒಳಗಿನಿಂದ ಕಾದು ಸತ್ತವರಿಗೆ ಚಿತ್ರವೂ ಇಲ್ಲ, ಹೆಸರೂ ಇಲ್ಲ. ಮೇಷ್ಟ್ರು ಅಲ್ಲಿ ಹೆಚ್ಚು ಮಾತಾಡಲಿಲ್ಲ. “ಬನ್ನಿ, ಒಳಗೆ ಹೋಗೋಣ” ಎಂದು ನಗರ್ತಪೇಟೆಯ ಕಡೆ ತಿರುಗಿದರು.

ಪೇಟೆಯ ಬೀದಿಗಳು ಈಗಲೂ ಅವೇ. ಅಗಲ ಹೆಚ್ಚಿಲ್ಲ, ಎರಡು ಗಾಡಿ ಎದುರಾದರೆ ಒಂದು ನಿಲ್ಲಬೇಕು. ಮೇಲೆ ತಂತಿಗಳ ಜಾಲ, ಕೆಳಗೆ ಮುಚ್ಚಿದ ಷಟರುಗಳು, ಅಲ್ಲೊಂದು ಇಲ್ಲೊಂದು ಮರದ ಕಂಬದ ಹಳೆಯ ಜಗಲಿ. ಆ ದಿನ ಮಧ್ಯಾಹ್ನ ಇಂಥ ಬೀದಿಗಳಲ್ಲೇ ಯುದ್ಧದ ಅತಿ ಘೋರವಾದ ಹೊತ್ತು ಕಳೆಯಿತು. ಪೇಟೆ ಹೋದ ಸುದ್ದಿ ಕೇಳಿ ಟಿಪ್ಪು ಕಡುಕೋಪಗೊಂಡು, ಮರಳಿ ಹಿಡಿಯಲು ಕಮರುದ್ದೀನ್ ಖಾನನನ್ನು ದೊಡ್ಡ ಪಡೆಯೊಡನೆ ಕಳಿಸಿದ. ಬಯಲಲ್ಲಿ ಕೋವಿ ಹಾರಿಸುತ್ತ ನಿಂತಿದ್ದರೆ ಸಂಖ್ಯೆಯ ಬಲ ಮೈಸೂರಿನವರ ಕಡೆಗೇ ಇರುತ್ತಿತ್ತು. ಆದರೆ ಗಲ್ಲಿಗಳಲ್ಲಿ ಸಂಖ್ಯೆ ಉಪಯೋಗಕ್ಕೆ ಬರಲಿಲ್ಲ; ಮುಂದಿನ ಸಾಲಿನ ಹತ್ತು ಜನರಷ್ಟೇ ಕಾದುವುದು, ಹಿಂದಿನವರು ಒತ್ತುವುದು. ಇಂಗ್ಲಿಷರು ಗುಂಡು ಹಾರಿಸುವುದನ್ನು ಬಿಟ್ಟು ಕೋವಿಯ ತುದಿಯ ಈಟಿಯಿಂದ ಬೀದಿ ಬೀದಿಯನ್ನು ತೆರವು ಮಾಡುತ್ತ ಬಂದರು. ಮೈಸೂರಿನ ಕಡೆ ಎರಡು ಸಾವಿರಕ್ಕೂ ಮೇಲೆ ಜನ ಬಿದ್ದರೆಂದು ಗೆದ್ದವರು ಬರೆದಿಟ್ಟರು. ತಮ್ಮ ಕಡೆಯ ಲೆಕ್ಕ ನೂರು ಚಿಲ್ಲರೆ. ಗೆದ್ದವರ ಲೆಕ್ಕವನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಈ ಗಲ್ಲಿಗಳ ಅಗಲ ನೋಡಿದವರಿಗೆ ಆ ದಿನದ ಸ್ವರೂಪದ ಬಗ್ಗೆ ಅನುಮಾನ ಉಳಿಯುವುದಿಲ್ಲ. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ನನಗೆ ಹೊಳೆಯದಿದ್ದ ಸಂಗತಿ ಇದು.

ಊರಿನ ಜನ ಮೊದಲೇ ಮನೆ ಬಿಟ್ಟು ಹೊರಟಿದ್ದರು. ಅವರು ಬಿಟ್ಟುಹೋದ ಧಾನ್ಯ, ಹುಲ್ಲು, ಬಟ್ಟೆ, ಹತ್ತಿ ಗೆದ್ದವರಿಗೆ ಸಿಕ್ಕವು. ಗೆದ್ದವರಿಗೂ ನೆಮ್ಮದಿ ಇರಲಿಲ್ಲ. ಈ ಮುತ್ತಿಗೆಯ ವಿಚಿತ್ರವನ್ನು ಮೇಷ್ಟ್ರು ದೊಡ್ಡಪೇಟೆಯ ಒಂದು ತಿರುವಿನಲ್ಲಿ ನಿಂತು ಬಿಡಿಸಿ ಹೇಳಿದರು. ಕೋಟೆ ಮುತ್ತಿದವರು ತಾವೇ ಮುತ್ತಿಗೆಗೆ ಸಿಕ್ಕಿದ್ದರು. ಮುಂದೆ ಕೋಟೆ, ಅದರೊಳಗೆ ಎಂಟು ಸಾವಿರದಷ್ಟು ಕಾವಲು ಪಡೆ; ಹಿಂದೆ, ಪಕ್ಕದಲ್ಲಿ, ಹೊರಗಿನ ಬಯಲಿನಲ್ಲಿ ಟಿಪ್ಪುವಿನ ಮುಖ್ಯ ಸೇನೆ. ಕೋಟೆಯ ಸುತ್ತ ಬಿಗಿಯಾಗಿ ಕಟ್ಟು ಹಾಕುವಷ್ಟು ಜನ ಕಾರ್ನ್‌ವಾಲಿಸನಲ್ಲಿ ಇರಲಿಲ್ಲ. ಆದ್ದರಿಂದ ಮೈಸೂರು ಬಾಗಿಲ ಕಡೆ ಕೋಟೆಯ ಸಂಪರ್ಕ ಕೊನೆಯವರೆಗೂ ತೆರೆದೇ ಇತ್ತು. ಒಳಗಿನವರಿಗೆ ಹೊಸ ಆಳು, ಹೊಸ ಮದ್ದು ಬರುತ್ತಲೇ ಇತ್ತು.

ಇಂಗ್ಲಿಷರ ಬೀಡಿನಲ್ಲಿ ಮೊದಲು ಸಾಯತೊಡಗಿದ್ದು ಎತ್ತುಗಳು. ದೊಡ್ಡ ಫಿರಂಗಿ ಎಳೆಯಲು ಹತ್ತಾರು ಜೋಡಿ ಬೇಕು, ಅವಕ್ಕೆ ಮೇವು ಬೇಕು. ಬೀಡಿನಿಂದ ಮೇವಿಗೆ ಹೊರಟವರನ್ನು ಮೈಸೂರಿನ ಕುದುರೆ ಸವಾರರು ಕಡಿದು ಹಾಕುತ್ತಿದ್ದರು. ಪೇಟೆಯ ಹುಲ್ಲು ಮುಗಿದ ಮೇಲೆ ಮನೆಗಳ ಹೊದಿಕೆಯ ಹುಲ್ಲು ಕಿತ್ತು ಹಾಕಿದರು, ಅದೂ ಮುಗಿಯಿತು. ಬಂಗಾಳದಿಂದ ತಂದ ಆನೆಗಳನ್ನು ಹಿಂದಿನಿಂದ ಫಿರಂಗಿ ಗಾಡಿಗೆ ಒತ್ತು ಕೊಡಲು ಬಳಸುತ್ತಿದ್ದರು, ಅವಕ್ಕೂ ಹೊಟ್ಟೆ ಇತ್ತು. ಈ ಯುದ್ಧದುದ್ದಕ್ಕೂ ಸೇನೆಗಳಿಗೆ ಅನ್ನ ಹೊತ್ತವರು ಲಂಬಾಣಿಗಳು, ಹೇರೆತ್ತುಗಳ ಸಾಲು ಕಟ್ಟಿಕೊಂಡು ದೇಶವಿಡೀ ದವಸ ಸಾಗಿಸುತ್ತಿದ್ದವರು. ಅವರ ಎತ್ತಿನ ಸಾಲು ಬರುವುದು ತಡವಾದರೆ ಗವರ್ನರ್ ಜನರಲ್ಲನೂ ಕೈಕಟ್ಟಿ ಕೂರಬೇಕು. ಕೋಟೆ ಬೇಗ ಬೀಳದಿದ್ದರೆ ತಾವೇ ಬೀಳುತ್ತೇವೆಂಬುದು ಮಾರ್ಚ್ ಮೂರನೆಯ ವಾರಕ್ಕೆ ಇಂಗ್ಲಿಷರಿಗೆ ಗೊತ್ತಾಗಿತ್ತು. ಆ ಅವಸರವೇ ಲಗ್ಗೆಯ ರಾತ್ರಿಯನ್ನು ನಿರ್ಧರಿಸಿತು.

ಪೇಟೆ ದಾಟಿದರೆ ಕೃಷ್ಣರಾಜ ಮಾರುಕಟ್ಟೆ. ಸೇವಂತಿಗೆ, ಕನಕಾಂಬರದ ರಾಶಿಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಹೂವಿನವರು ಕೂತಿರುವ ಈ ನೆಲವೇ ಪೇಟೆಗೂ ಕೋಟೆಗೂ ನಡುವಣ ಸಿದ್ದಿಕಟ್ಟೆಯ ಬಯಲು. ಇಲ್ಲಿಂದ ಮುಂದಕ್ಕೆ ಇಂಗ್ಲಿಷರು ಮೋರ್ಚೆ ತೋಡುತ್ತ ಹೋದರು. ಇಲ್ಲಿಂದಲೇ ಕೋಟೆಯ ಗೋಡೆಗೆ ಭಾರಿ ಗುಂಡು ಬಡಿಯಿತು. 2012ರಲ್ಲಿ ಮೆಟ್ರೊ ಸುರಂಗಕ್ಕಾಗಿ ಈ ಭಾಗದಲ್ಲಿ ಅಗೆದಾಗ ಹಳೆಯ ಕಬ್ಬಿಣದ ಫಿರಂಗಿಗಳು ಮಣ್ಣಿನಿಂದ ಮೇಲೆ ಬಂದವು. ಹತ್ತಿರದಲ್ಲೇ ತಾರಾಮಂಡಲಪೇಟೆ. ಬಾಣಬಿರುಸು ತಯಾರಿಸುವವರ ಬೀದಿ ಅದು ಎಂದು ಊರಿನ ನೆನಪು ಹೇಳುತ್ತದೆ.

ಮೈಸೂರಿನ ಬಾಣಬಿರುಸು ಲೋಕಪ್ರಸಿದ್ಧವಾದದ್ದು ಅದರ ಕೊಳವೆಯಿಂದ. ಬೇರೆಡೆ ಕಾಗದ, ಬಿದಿರಿನ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿನವರು ಕಬ್ಬಿಣದ ತಗಡನ್ನು ಬಡಿದು ಸುತ್ತಿ ಕೊಳವೆ ಮಾಡಿ, ಉದ್ದನೆಯ ಬಿದಿರಿಗೋ ಕತ್ತಿಯ ಅಲಗಿಗೋ ಬಿಗಿದರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಇಂಥ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಮೇಷ್ಟ್ರು ಅವುಗಳ ದೊಡ್ಡ ಚಿತ್ರವೊಂದನ್ನು ಚೀಲದಿಂದ ತೆಗೆದು ನಮ್ಮ ಹಿರಿಯರ ಕೈಗಿಟ್ಟರು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಸೀಮ್ ನೋಡಿ ಮೇಷ್ಟ್ರೇ, ಕೈಯಲ್ಲೇ ಬಡಿದು ಕೂರಿಸಿರೋದು. ಒಳಗೆ ಪ್ರೆಷರ್ ಏಳಬೇಕಾದ್ರೆ ಇದು ಬಿಚ್ಕೋಬಾರದು. ಬಿಚ್ಕೊಂಡ್ರೆ ಹಾರಿಸಿದವನೇ ಹೋದ. ವೆಲ್ಡಿಂಗ್ ಇಲ್ಲ, ಏನಿಲ್ಲ. ಒಳ್ಳೆ ಕೈ.”

“ಅದಕ್ಕೇ ಅಷ್ಟು ದೂರ ಹೋಗ್ತಿತ್ತು” ಎಂದರು ಮೇಷ್ಟ್ರು. “ಕಾಗದದ ಕೊಳವೆ ಅಷ್ಟು ಒತ್ತಡ ತಡೆಯಲ್ಲ, ಕಬ್ಬಿಣದ್ದು ತಡೆಯುತ್ತೆ. ಇಂಗ್ಲೆಂಡಿಗೆ ಇವನ್ನೇ ತಗೊಂಡು ಹೋಗಿ ನೋಡಿದ ಮೇಲೆ ಅಲ್ಲಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು.”

ಆ ಕಮ್ಮಾರರಲ್ಲಿ ಒಬ್ಬನ ಹೆಸರನ್ನೂ ಚರಿತ್ರೆ ಉಳಿಸಿಲ್ಲ. ಪೀಣ್ಯದ ಟರ್ನರ್ ಒಬ್ಬರು ಅವರ ಕೆಲಸವನ್ನು ನೋಡಿ ಒಳ್ಳೆ ಕೈ ಎಂದದ್ದನ್ನು ನಾನು ಅವರಿಗೆ ಸಂದ ಗೌರವವೆಂದೇ ಎಣಿಸುತ್ತೇನೆ.

ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಅಕ್ಕಪಕ್ಕದ ಕೊತ್ತಲ, ಗೋಡೆಯ ಒಂದಿಷ್ಟು. ಮಿಕ್ಕದ್ದರ ಮೇಲೆ ವಿಕ್ಟೋರಿಯ ಆಸ್ಪತ್ರೆ, ವಾಣಿವಿಲಾಸ, ಮಿಂಟೊ, ವೈದ್ಯ ಕಾಲೇಜು, ಕೋಟೆ ಹೈಸ್ಕೂಲು ನಿಂತಿವೆ. ಬಾಗಿಲಿಗೆ ನೇರ ದಾರಿಯಿಲ್ಲ. ಒಳಹೊಕ್ಕರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಬೇಕು, ಪ್ರತಿ ತಿರುವಿಗೂ ಎತ್ತರದ ಗೋಡೆ. ಆನೆ ಓಡಿಬಂದು ಗುದ್ದಲು ಜಾಗ ಸಿಗಬಾರದು, ಫಿರಂಗಿಯ ಗುಂಡು ಬಾಗಿಲಿಗೆ ನೆಟ್ಟಗೆ ತಾಕಬಾರದು ಎಂಬ ಉಪಾಯ. ಕದ ತೇಗದ್ದು, ಮೈತುಂಬ ಕಬ್ಬಿಣದ ಗುಬ್ಬಿ. ಗೋಡೆಯ ಮೇಲ್ಗಡೆ ಕೋವಿಕಂಡಿಗಳು ಕೆಳಮುಖವಾಗಿ ಓರೆಯಾಗಿವೆ. ಅವುಗಳಲ್ಲಿ ಕಣ್ಣಿಟ್ಟರೆ ಗೋಡೆಯ ಬುಡಕ್ಕೆ ಬಂದವನು ಕಾಣಬೇಕು, ಬುಡದಲ್ಲಿದ್ದವನಿಗೆ ಒಳಗಿನವನು ಕಾಣಬಾರದು. ಇಷ್ಟೆಲ್ಲ ಯುದ್ಧದ ಲೆಕ್ಕಾಚಾರದ ನಡುವೆ ಕಲ್ಲುಕುಟಿಗರು ತಾವರೆ ಕೆತ್ತಿದ್ದಾರೆ, ಗಿಳಿ ಕೆತ್ತಿದ್ದಾರೆ. ಒಳಗೊಂದು ಗಣಪತಿಯ ಗುಡಿಯಿದೆ. ಸುಲ್ತಾನನ ಕೋಟೆಯಲ್ಲಿ ಗಣಪತಿ ನಿಶ್ಚಿಂತೆಯಾಗಿ ಪೂಜೆ ತೆಗೆದುಕೊಂಡಿದ್ದಾನೆ. ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ಗಿಳಿಯ ಕೊಕ್ಕಿನ ಮೇಲೆ ಬೆರಳಾಡಿಸಿದಳು. ಕಲ್ಲು ಅಲ್ಲಿ ನುಣುಪಾಗಿತ್ತು.

ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್. ಎತ್ತರದ ಆಳು, ಎಪ್ಪತ್ತರ ಸುಮಾರಿನ ವಯಸ್ಸು, ಎದೆಗಿಳಿದ ಬಿಳಿಯ ಗಡ್ಡ. ಅವನನ್ನು ಹೀಗೆ ಬಣ್ಣಿಸಿದವರು ಅವನ ಶತ್ರುಗಳೇ. ದೆಹಲಿ ಬಾಗಿಲ ಪಕ್ಕದ ಗೋಡೆಗೆ ದಿನವೂ ಗುಂಡು ಬಿದ್ದು ಗಂಡಿಯಾಗುತ್ತ ಬಂದದ್ದನ್ನು ಅವನು ಕಣ್ಣಾರೆ ನೋಡುತ್ತಿದ್ದ. ರಾತ್ರಿ ಹೊತ್ತು ಒಳಗಿನವರು ಸಾಧ್ಯವಾದಷ್ಟು ಮುಚ್ಚಿದರೆ, ಬೆಳಗಾದೊಡನೆ ಮತ್ತೆ ಉರುಳುತ್ತಿತ್ತು. ಮಾರ್ಚ್ 21ರ ಹಗಲಿನಲ್ಲಿ ಟಿಪ್ಪು ಸೇನೆ ಸರಿಸಿ, ಇಂಗ್ಲಿಷರ ಮೋರ್ಚೆಗಳನ್ನು ಪಕ್ಕದಿಂದ ಹೊಡೆಯಬಲ್ಲ ನೆಲೆಗೆ ಫಿರಂಗಿ ತರುವ ಪ್ರಯತ್ನ ಮಾಡಿದ. ಆ ಫಿರಂಗಿಗಳು ಮರುದಿನ ಬಾಯಿಬಿಟ್ಟರೆ ಮುತ್ತಿಗೆ ಮುರಿದುಬೀಳುತ್ತದೆಂದು ಕಾರ್ನ್‌ವಾಲಿಸ್ ಅರಿತ. ಗಂಡಿ ಇನ್ನೂ ಪೂರ್ತಿ ಹದವಾಗಿರಲಿಲ್ಲ. ಆದರೂ ಅಂದು ರಾತ್ರಿಯೇ ಲಗ್ಗೆಯೆಂದು ಗುಟ್ಟಾಗಿ ಅಪ್ಪಣೆಯಾಯಿತು.

ಸೋಮವಾರ ರಾತ್ರಿ ಹನ್ನೊಂದು ಗಂಟೆ. ಬೆಳದಿಂಗಳು ಹಾಲು ಚೆಲ್ಲಿದಂತಿತ್ತು. ಸದ್ದಿಲ್ಲದೆ ಅಗಳಿನ ಅಂಚಿಗೆ ಬಂದವರು ಏಣಿ ಹಿಡಿದು ಗಂಡಿ ಹತ್ತಿದರು. ಕೋಟೆಯ ಕಾವಲು ಎಚ್ಚರವಾದೊಡನೆ ಕೊತ್ತಲದ ಮೇಲೆ ನೀಲಿ ಮದ್ದಿನ ಬೆಳಕು ಉರಿಯಿತು, ಕೋವಿಗಳು ಸಿಡಿದವು. ಬಹಾದೂರ್ ಖಾನ್ ತಾನೇ ಗಂಡಿಯ ಬಾಯಿಗೆ ಬಂದು ನಿಂತ. ಆ ಕಿರಿದಾದ ಜಾಗದಲ್ಲಿ ಸ್ವಲ್ಪ ಹೊತ್ತು ಕೈಗೆ ಕೈ ಹತ್ತಿದ ಯುದ್ಧ. ಅಲ್ಲಿ ಮುದಿ ಕಿಲ್ಲೇದಾರ ಹಲವು ಗಾಯ ಹೊತ್ತು ಬಿದ್ದ. ಅವನು ಬಿದ್ದ ಮೇಲೆ ತಡೆ ಸಡಿಲಿತು. ಗೋಡೆಯ ಮೇಲಕ್ಕೆ ಹತ್ತಿದ ಇಂಗ್ಲಿಷರು ಎಡಕ್ಕೂ ಬಲಕ್ಕೂ ಒಡೆದು ಗೋಡೆಯ ಗುಂಟ ಓಡಿ, ಎರಡೂ ಕಡೆಯಿಂದ ಮೈಸೂರು ಬಾಗಿಲಿನ ಹತ್ತಿರ ಕೂಡಿಕೊಂಡರು. ಕಾವಲಿನವರು ಆ ಬಾಗಿಲಿನಿಂದ ಹೊರನುಗ್ಗಲು ಹೋಗಿ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಸತ್ತವರಲ್ಲಿ ಎಷ್ಟೋ ಜನ ಸತ್ತದ್ದು ಅಲ್ಲಿ. ಹೊರಗಿನಿಂದ ನೆರವಿಗೆ ಬಂದ ಟಿಪ್ಪುವಿನ ಪಡೆಗಳು ಬಾಗಿಲು ತಲುಪುವಷ್ಟರಲ್ಲಿ ಕೋಟೆ ಕೈಬಿಟ್ಟಿತ್ತು. ಬೆಳಗ್ಗೆ ಸಾವಿರಕ್ಕೂ ಹೆಚ್ಚು ಹೆಣಗಳನ್ನು ಮಣ್ಣು ಮಾಡಲಾಯಿತು.

ಆ ಹೆಣಗಳ ನಡುವೆ ಕಿಲ್ಲೇದಾರನ ದೇಹ ಸಿಕ್ಕಿತು. ಕಾರ್ನ್‌ವಾಲಿಸ್ ಅದನ್ನು ಟಿಪ್ಪುವಿಗೆ ಒಪ್ಪಿಸುತ್ತೇನೆಂದು ಹೇಳಿಕಳಿಸಿದ. ಬಹಾದೂರ್ ಖಾನನಂಥ ಯೋಧನಿಗೆ ಅವನು ಬಿದ್ದ ನೆಲವೇ ತಕ್ಕ ಜಾಗ, ಅಲ್ಲಿನ ಮುಸಲ್ಮಾನರ ಕೈಯಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿಸಿ ಎಂಬ ಅರ್ಥದ ಉತ್ತರ ಬಂದಿತು. ಹಾಗೆಯೇ ನಡೆಯಿತು. ಈ ಹದಿನೈದು ದಿನಗಳಲ್ಲಿ ಎರಡೂ ಕಡೆಯವರು ಮನುಷ್ಯತ್ವ ತೋರಿದ ಗಳಿಗೆ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಕೋಟೆ ವೆಂಕಟರಮಣನ ಗುಡಿಯ ಮುಂದೆ ಒಂದು ಕಂಬವಿದೆ. ಇಂಗ್ಲಿಷರು ಟಿಪ್ಪುವಿಗೆ ಗುರಿಯಿಟ್ಟ ಫಿರಂಗಿ ಗುಂಡು ಈ ಕಂಬಕ್ಕೆ ತಾಕಿ ಅವನ ಪ್ರಾಣ ಉಳಿಯಿತೆಂದು ಜನ ಹೇಳುತ್ತಾರೆ. ಮೇಷ್ಟ್ರು ಆ ಮಾತನ್ನು ಪ್ರೀತಿಯಿಂದ ಹೇಳಿ, ಹಿಂದೆಯೇ ಒಂದು ಮಾತು ಸೇರಿಸಿದರು: ಮುತ್ತಿಗೆಯ ಆ ದಿನಗಳಲ್ಲಿ ಸುಲ್ತಾನ ಕೋಟೆಯೊಳಗೆ ಇರಲಿಲ್ಲ, ಸೇನೆಯೊಡನೆ ಹೊರಗಿದ್ದ. ಒಳ್ಳೆಯ ಮಾರ್ಗದರ್ಶಿಗೆ ಈ ಎರಡೂ ಬೇಕು. ಜನರ ಕಥೆಯನ್ನು ನುಂಗಿಹಾಕುವವನೂ ಅದನ್ನೇ ಚರಿತ್ರೆಯೆಂದು ಮಾರುವವನೂ ರಣಭೂಮಿ ತೋರಿಸಲು ತಕ್ಕವರಲ್ಲ.

ಲಗ್ಗೆ ನಡೆದ ಗೋಡೆಯಲ್ಲಿ ಒಂದು ಕಲ್ಲಿನ ಫಲಕವಿದೆ. ಈ ಗಂಡಿಯ ಮೂಲಕ ಬ್ರಿಟಿಷರ ಲಗ್ಗೆ ನಡೆಯಿತೆಂದು ತಾರೀಖಿನೊಡನೆ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಅಷ್ಟೇ. ಎದುರು ನಿಂತವನು ಯಾರೆಂದು ಅದು ಹೇಳುವುದಿಲ್ಲ. ಹಲಸೂರು ಬಾಗಿಲ ಬಳಿ, ಈಗಿನ ಕಾರ್ಪೊರೇಷನ್ ಎದುರಿನ ವೃತ್ತದಲ್ಲಿ, ಈ ಯುದ್ಧದಲ್ಲಿ ಮಡಿದ ಕಂಪನಿ ಸೇನೆಯವರ ಹೆಸರಿನಲ್ಲಿ ಎತ್ತರದ ಸ್ತಂಭವೊಂದು ನಿಂತಿತ್ತು. ಈಗಿನ ನೃಪತುಂಗ ರಸ್ತೆಗೆ ಆಗ ಆ ಸ್ತಂಭದ್ದೇ ಹೆಸರು. 1964ರಲ್ಲಿ ಚಳವಳಿ ನಡೆದು ಸ್ತಂಭವನ್ನು ಉರುಳಿಸಲಾಯಿತು. ಪರರು ನೆಟ್ಟ ವಿಜಯಸ್ತಂಭ ಊರ ನಡುವೆ ಬೇಡವೆಂದವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ಕೆಡವಿದ ಉತ್ಸಾಹದಲ್ಲಿ ಕಾಲುಭಾಗವಾದರೂ ನಮ್ಮವರಿಗೊಂದು ಕಲ್ಲು ನಿಲ್ಲಿಸುವುದರಲ್ಲಿ ತೋರಬೇಕಿತ್ತು. ಬಹಾದೂರ್ ಖಾನ್ ಈ ಊರಿಗಾಗಿ ಸತ್ತವನು. ಗಂಡಿಯ ಫಲಕದ ಪಕ್ಕದಲ್ಲಿ, ಅಷ್ಟೇ ಅಳತೆಯ ಕಲ್ಲಿನ ಮೇಲೆ, ಕನ್ನಡದಲ್ಲಿ ಅವನ ಹೆಸರು, ಅವನೊಡನೆ ಬಿದ್ದ ಸಾವಿರ ಜನರ ಮಾತು ಕೆತ್ತಿಸುವುದು ನಗರದ ಪಾಲಿಗೆ ದೊಡ್ಡ ಖರ್ಚಲ್ಲ. ಈ ಮಾತನ್ನು ನಾನು ಅಲ್ಲಿಯೇ ನಿಂತು ಹೇ­ಳಿದೆ, ಇಲ್ಲಿಯೂ ಬರೆಯುತ್ತಿದ್ದೇನೆ.

ಮೇಷ್ಟ್ರು ಬಾಗಿಲ ನೆರಳಿನಲ್ಲಿ ಕುಳಿತು ಉಳಿದ ಕಥೆ ಮುಗಿಸಿದರು. ಕೋಟೆ ಸಿಕ್ಕಿತೆಂದು ಯುದ್ಧ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ ದಾರಿಯಾಗಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದ. ಅರಕೆರೆಯ ಬಳಿ ಕಾದಾಟದಲ್ಲಿ ಗೆದ್ದೂ, ಮಳೆ, ರೋಗ, ಹಸಿವಿಗೆ ಸೋತು, ಎಳೆಯಲು ಎತ್ತಿಲ್ಲದೆ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಅಕ್ಟೋಬರಿನಲ್ಲಿ ನಂದಿದುರ್ಗ ಹೋಯಿತು. ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮೇಲೆ ರಾತ್ರಿ ದಾಳಿ, ಮಾರ್ಚಿನಲ್ಲಿ ಒಪ್ಪಂದ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಸುಲ್ತಾನನ ಇಬ್ಬರು ಎಳೆಯ ಮಕ್ಕಳು. ಬೆಂಗಳೂರು ಮಾತ್ರ ಟಿಪ್ಪುವಿಗೆ ಮರಳಿ ಬಂತು. ತನ್ನನ್ನು ಉಳಿಸದ ಕೋಟೆಯನ್ನು ಅವನೇ ಕೆಡವಿಸಿದ. 1799ರಲ್ಲಿ ಅವನು ಬಿದ್ದ ಮೇಲೆ ದಿವಾನ್ ಪೂರ್ಣಯ್ಯ ಅದನ್ನು ಮತ್ತೆ ಕಟ್ಟಿಸಿದ. 1809ರಲ್ಲಿ ಇಂಗ್ಲಿಷರ ದಂಡು ಹಲಸೂರಿನ ಕಡೆ ನೆಲೆಯೂರಿತು. ಪೇಟೆ, ಕೋಟೆ ಎಂಬ ಜೋಡಿ ಊರುಗಳ ಪಕ್ಕಕ್ಕೆ ಕಂಟೋನ್ಮೆಂಟ್ ಎಂಬ ಮೂರನೆಯದು ಹುಟ್ಟಿತು. ಮುಂದಿನ ನೂರೈವತ್ತು ವರ್ಷ ಬೆಂಗಳೂರು ಬೆಳೆದ ಬಗೆಯೆಲ್ಲ ಅಲ್ಲಿಂದ ಹೊರಟಿತು.

“ಸಾವನದುರ್ಗ ಹೇಗೆ ಬಿತ್ತು ಮೇಷ್ಟ್ರೇ? ಅಂಥ ಬಂಡೆ ಅದು, ಫಿರಂಗಿ ಹೇಗೆ ಏರಿಸಿದ್ರು?” ಎಂದರು ನಮ್ಮ ಹಿರಿಯರು.

“ಕಾಡು ಕಡಿದು ದಾರಿ ಮಾಡಿ, ಎಳೆದು ತಂದ್ರು. ಅದನ್ನ ಇಲ್ಲಿ ಕೂತು ಹೇಳಕ್ಕಾಗಲ್ಲ, ಅಲ್ಲೇ ಬರಬೇಕು ನೀವು. ಲಗ್ಗೆರೆಯಿಂದ ನಿಮಗೆ ಮಾಗಡಿ ರೋಡ್ ಹತ್ತಿರಾನೇ. ಮಳೆ ನಿಂತ ಮೇಲೆ ಒಂದು ಭಾನುವಾರ ಹೇಳಿ, ಬೆಳಗ್ಗೆ ಆರಕ್ಕೆ ಬೆಟ್ಟದ ಬುಡದಲ್ಲಿರೋಣ.”